ರೆಸ್ಟೋರೆಂಟ್ ಎಂಬ ಸಾರು, ನಮ್ಮ ಗಂಜಿ ತೆಳಿ

ಉಡುಪಿಯಲ್ಲಿ ಹೋಟೆಲಿಗೇನು ಬರವಿಲ್ಲ. ರಥಬೀದಿಯಿಂದ ಮಣಿಪಾಲದವರೆಗೆ ಬೋರ್ಡ್ ಓದುತ್ತಾ ಹೋದರೆ 'ರೆಸ್ಟೋರೆಂಟ್' ಎಂಬ ಮಾತು ಎಷ್ಟು ಸಲ ಕಣ್ಣಿಗೆ ಬೀಳುತ್ತದೋ. ಅದು ಮೊದಲು ಜಾಗದ ಹೆಸರೇ ಆಗಿರಲಿಲ್ಲ. ಒಂದು ಸಾರಿನ ಹೆಸರಾಗಿತ್ತು.

ಮೂಲ ಲ್ಯಾಟಿನ್ನಿನ 'ರೆಸ್ಟೌರಾರೆ'. ಹಾಳಾದದ್ದನ್ನು ಮೊದಲಿನಂತೆ ಮಾಡುವುದು ಎಂದರ್ಥ. ಇಂಗ್ಲಿಷಿನ 'ರಿಸ್ಟೋರ್' ಕೂಡ ಇದರದ್ದೇ ಕವಲು. ಫ್ರೆಂಚಿನಲ್ಲಿ ಅದು 'ರೆಸ್ಟೋರಾಂ' ಆಯಿತು, ಅಂದರೆ ತ್ರಾಣ ಮರಳಿ ಕೊಡುವಂಥದ್ದು. ಮಾಂಸವನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ ಸಾರಿಗೆ ಪ್ಯಾರಿಸ್ಸಿನವರು ಹಾಗೆನ್ನುತ್ತಿದ್ದರು. ಗಟ್ಟಿ ಊಟ ಸೇರದ ನಿಶ್ಶಕ್ತರು ಕುಡಿಯುವ ಸಾರು. 1760ರ ದಶಕದಲ್ಲಿ ಅದನ್ನು ಮಾರುವ ಅಂಗಡಿಗಳು ಅಲ್ಲಿ ಶುರುವಾದವು. ಆಮೇಲೆ ಸಾರಿನ ಹೆಸರೇ ಅಂಗಡಿಗೂ ಅಂಟಿಕೊಂಡಿತು. ಇವತ್ತು ಗೋಬಿ ಮಂಚೂರಿ ತಿನ್ನಲು ಹೋಗುವ ಜಾಗಕ್ಕೆ ಪಥ್ಯದ ಹೆಸರು, ತಮಾಷೆ ಅಲ್ವಾ?

ನಮ್ಮ ಕಡೆ ಆ ಕೆಲಸ ಗಂಜಿಯದ್ದು. ಕೊಂಕಣಿ ಮನೆಗಳಲ್ಲಿ ಪೇಜ. ಗೋವಾದಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲೇ ಇದರ ಮಾತೆತ್ತಿದ್ದಾನೆ: ರೋಗಿಗೆ ಕುಡಿಸುವ ಅಕ್ಕಿ ತೆಳಿ, ಅದಕ್ಕೆ ಕಾಳುಮೆಣಸು, ಜೀರಿಗೆ.

ಉಪ್ಪು ಹಾಕಿದ ತೆಳಿ ಸುಮ್ನೆ ಸಮಾಧಾನಕ್ಕೆ ಕುಡಿಯುವುದಲ್ಲ. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆಯೇ ನೀರು. ಭೇದಿಯಾದಾಗ ನೀರಿನಲ್ಲಿ ಕರಗಿಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ, ಓಆರ್‌ಎಸ್, ಕೆಲಸ ಮಾಡುವುದೂ ಹೀಗೆಯೇ. ಆದರೆ ಮನೆಯ ತೆಳಿಯಲ್ಲಿ ಉಪ್ಪಿನ ಅಳತೆ ಒಂದೇ ಥರ ಇರುವುದಿಲ್ಲ. ಭೇದಿ ಜೋರಾಗಿದ್ದರೆ ಓಆರ್‌ಎಸ್ ಪ್ಯಾಕೆಟ್ಟೇ ಬೇಕು.

ಡಯಟಿಷಿಯನ್ ಆಗಿ ನನ್ನ ತಕರಾರು ಇರುವುದು ಆಮೇಲಿನ ದಿನಗಳ ಬಗ್ಗೆ. ಆಪರೇಶನ್ ಆಗಿ ವಾರಗಳೇ ಕಳೆದಿರುತ್ತವೆ. "ಗಂಜಿ, ಉಪ್ಪಿನಕಾಯಿ ಬಿಟ್ಟು ಬೇರೇನೂ ಕೊಡುವುದಿಲ್ಲ ಮೇಡಂ" ಎಂದು ಮನೆಯವರು ಹೆಮ್ಮೆಯಿಂದಲೇ ಹೇಳುತ್ತಾರೆ. ರೋಗಿಯ ಕೈ ನೋಡಿದರೆ ತೋಳಿನ ಮಾಂಸ ಕರಗಿ ಬಳೆ ಮೊಣಕೈವರೆಗೆ ಜಾರುತ್ತಿರುತ್ತದೆ. ಲೆಕ್ಕ ಸರಳ. 30 ಗ್ರಾಂ ಅಕ್ಕಿಯ ಗಂಜಿಯಲ್ಲಿ ಪ್ರೋಟೀನ್ ಇರುವುದು ಸುಮಾರು 2 ಗ್ರಾಂ. 60 ಕೆಜಿ ತೂಕದವರಿಗೆ ಗಾಯ ಮಾಯಲು ದಿನಕ್ಕೆ 70 ಗ್ರಾಂಗಿಂತ ಜಾಸ್ತಿ ಬೇಕಾಗುತ್ತದೆ. ಸಿಮೆಂಟು, ಕಲ್ಲು ತರಿಸದೆ ಬರೀ ನೀರು ಹಾಯಿಸಿದರೆ ಗೋಡೆ ಏಳುತ್ತದೆಯೇ?

ಹಾಗಾಗಿ ಹೊಟ್ಟೆ ಒಪ್ಪಿದ ದಿನದಿಂದಲೇ ಗಂಜಿಯ ಪಕ್ಕ ಬೇರೆ ಏನಾದರೂ ಇಡಿ. ಹೆಸರುಬೇಳೆ ತೊವ್ವೆ, ಹುರುಳಿ ಚಟ್ನಿ, ಮೊಸರು. ತಿನ್ನುವವರಾದರೆ ಮೊಟ್ಟೆ, ಖಾರ ಕಡಿಮೆ ಮಾಡಿದ ಬಂಗುಡೆ ಸಾರು. ಒಂದು ಮೊಟ್ಟೆಯಲ್ಲೇ 6 ಗ್ರಾಂ ಪ್ರೋಟೀನ್ ಸಿಗುತ್ತದೆ. ನಂಜಾಗುತ್ತದೆ ಎಂದು ಅಜ್ಜಿ ಹೆದರಿಸಿದರೆ ಅವರನ್ನೂ ಕರೆದುಕೊಂಡು ಬನ್ನಿ, ಮಾತಾಡೋಣ. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಸಕ್ಕರೆ ಕಾಯಿಲೆಯವರು ಗಂಜಿಯನ್ನು ಪೂರ್ತಿ ಮುದ್ದೆಯಾಗುವಷ್ಟು ಬೇಯಿಸಬೇಡಿ, ಹೆಚ್ಚು ಬೆಂದಷ್ಟೂ ಸಕ್ಕರೆ ಬೇಗ ಏರುತ್ತದೆ.