ಬಂಡೆಯೂ ಬೇಕು, ಬಂಡೆ ಓದಿದವರೂ ಬೇಕು

1973ರ ಆಗಸ್ಟ್ ತಿಂಗಳು. ಅಮೆರಿಕದ ಬರ್ಕ್ಲಿ ಊರಿನಲ್ಲಿ ಒಂದು ಗ್ರಾಮಫೋನ್ ರೆಕಾರ್ಡ್ ಅಂಗಡಿ. ಅಲ್ಲಿ ಗೋಡೆಗೆ ಒಂದು ನೋಟಿಸ್ ಬೋರ್ಡು. ಅದರ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಕೂತ ಒಂದು ಯಂತ್ರ. ಅದು ಟೆಲಿಟೈಪ್. ಟೈಪ್‌ರೈಟರ್ ಥರ ಕಾಗದದ ಮೇಲೆ ಕಟಕಟ ಅಂತ ಅಚ್ಚು ಹಾಕುತ್ತಿತ್ತು. ಸದ್ದು ಜಾಸ್ತಿ. ಅದಕ್ಕೇ ಪೆಟ್ಟಿಗೆ. ಕೈ ತೂರಿಸೋಕೆ ತೂತುಗಳು, ಒಳಗೆ ಏನು ಅಚ್ಚಾಗುತ್ತಿದೆ ಅಂತ ನೋಡೋಕೆ ಮೇಲೊಂದು ಪ್ಲಾಸ್ಟಿಕ್ ಹಾಳೆ.

ಆ ಯಂತ್ರ ಫೋನ್ ತಂತಿಯ ಮೂಲಕ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ದೊಡ್ಡ ಕಂಪ್ಯೂಟರ್ ಜೊತೆ ಮಾತಾಡುತ್ತಿತ್ತು. ಮೋಡೆಮ್ ಒಂದೊಂದು ಅಕ್ಷರವನ್ನೂ ಶಿಳ್ಳೆಯಂಥ ಸದ್ದಾಗಿ ಬದಲಿಸಿ ಕಳಿಸುತ್ತಿತ್ತು. ವೇಗ ಸೆಕೆಂಡಿಗೆ ಬರೀ 10 ಅಕ್ಷರ. 60 ಅಕ್ಷರದ ಒಂದು ಸಾಲು ಮೂಡೋಕೆ 6 ಸೆಕೆಂಡು ಕಾಯಬೇಕು. ಆದರೂ ಜನ ಕಾದರು. ಸಂಗೀತಗಾರರು ಜೊತೆಗೆ ನುಡಿಸುವವರನ್ನು ಹುಡುಕಿದರು. ಇಲ್ಲಿ ಒಳ್ಳೆ ಬೇಗಲ್ ಎಲ್ಲಿ ಸಿಗುತ್ತೆ ಅಂತ ಒಬ್ಬರು ಕೇಳಿದರು. ಬೇಗಲ್ ಅಂದರೆ ಬಳೆಯಾಕಾರದ ಒಂದು ಬ್ರೆಡ್ಡು. ಅದನ್ನು ಮಾಡೋದನ್ನೇ ಕಲಿಸಿಕೊಡ್ತೇನೆ, ಬನ್ನಿ ಅಂತ ಒಬ್ಬರು ಉತ್ತರ ಹಾಕಿದರು. ನಮ್ಮ ಊರಲ್ಲಿ ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿರುತ್ತೆ ಅಂತ ಕೇಳಿದಂತೆಯೇ, ಅಲ್ವಾ?

ಜನ ಸಂದೇಶ ಹಾಕಿ, ಬೇರೆಯವರದ್ದನ್ನು ಓದುತ್ತಿದ್ದ ಈ ವ್ಯವಸ್ಥೆಯ ಹೆಸರು ಕಮ್ಯುನಿಟಿ ಮೆಮರಿ. ಊರಿನ ನೆನಪು ಅನ್ನಬಹುದು. ಮೊದಲ ಪ್ರಯೋಗ ಒಂದೂವರೆ ವರ್ಷದಲ್ಲಿ, 1975ರ ಆರಂಭಕ್ಕೆ ನಿಂತಿತು.

ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಇಂಜಿನಿಯರಿಂಗ್ ಓದುತ್ತಾಳೆ. ಇದನ್ನು ಕೇಳಿದ ಮೇಲೆ ಅವಳು ಒಂದು ಪ್ರಶ್ನೆ ಹಾಕಿದಳು. "ಒಂದು ಊರಿನ ಕೆಲವೇ ಜನ ಸ್ವಲ್ಪ ದಿನ ಬಳಸಿದ್ದು. ಇದಕ್ಕೆಲ್ಲ ವಿಶ್ವಕೋಶದಲ್ಲಿ ಒಂದು ನಮೂದು ಬೇಕಾ?" ಅವಳು ಸುಮ್ನೆ ಕೇಳಿದ್ದಲ್ಲ. ಆ ಪ್ರಶ್ನೆ ನನ್ನನ್ನು ವಾರಗಟ್ಟಲೆ ಬಿಡಲಿಲ್ಲ.

ವಿಕಿಪೀಡಿಯದಲ್ಲಿ ಇದಕ್ಕೆ ಒಂದು ಅಳತೆ ಇದೆ. ಗಮನಾರ್ಹತೆ ಅನ್ನುತ್ತಾರೆ. ಎಷ್ಟು ಜನ ಬಳಸಿದರು, ಎಷ್ಟು ದೊಡ್ಡದಾಗಿತ್ತು ಅನ್ನೋದನ್ನು ಅದು ಕೇಳುವುದಿಲ್ಲ. ಆ ವಿಷಯಕ್ಕೆ ಸಂಬಂಧವಿಲ್ಲದ, ನಂಬಬಹುದಾದ ಹೊರಗಿನವರು ಅದರ ಬಗ್ಗೆ ವಿವರವಾಗಿ ಬರೆದಿದ್ದಾರಾ ಅಂತ ಕೇಳುತ್ತದೆ. ಹೆಸರು ಬಂದು ಹೋದರೆ ಸಾಲದು. ತಾವೇ ತಮ್ಮ ಬಗ್ಗೆ ಬರೆದುಕೊಂಡರೂ ಸಾಲದು.

ಮೊದಮೊದಲು ಈ ನಿಯಮ ನನಗೆ ಕಟುವಾಗಿ ಕಂಡಿತ್ತು. ಅದರ ನ್ಯಾಯ ನನಗೆ ಅರ್ಥವಾಗಿದ್ದು ಬ್ರಹ್ಮಗಿರಿಯಲ್ಲಿ.

ಚಿತ್ರದುರ್ಗದಿಂದ ಚಳ್ಳಕೆರೆ ದಾಟಿ ಮೊಳಕಾಲ್ಮೂರು ಸೀಮೆಗೆ ಹೋದರೆ ಬ್ರಹ್ಮಗಿರಿ ಸಿಗುತ್ತದೆ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಕ್ರಿಸ್ತಪೂರ್ವ 3ನೇ ಶತಮಾನದ್ದು. ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಬಂದ ರಾಜಾಜ್ಞೆ ಅದು. ಬರಹ ಬ್ರಾಹ್ಮಿ ಲಿಪಿಯಲ್ಲಿ. ಆದರೆ ಕೊನೆಗೆ ಬಂದಾಗ ಒಂದು ವಿಶೇಷ ಇದೆ. ಬರೆದವನು ತನ್ನ ಹೆಸರು ಚಪಡ ಅಂತ ಹಾಕಿದ್ದಾನೆ. ಅದರ ಜೊತೆಗಿನ 'ಲಿಪಿಕಾರ' ಅನ್ನುವ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಓಡುವ ಲಿಪಿ. ದೂರದ ಗಾಂಧಾರದ ಕಡೆಯದು. ಅಲ್ಲೆಲ್ಲೋ ಬರವಣಿಗೆ ಕಲಿತ ಒಬ್ಬ ಗುಮಾಸ್ತ ನಮ್ಮ ಸೀಮೆಯ ಬಿಸಿಲಲ್ಲಿ ನಿಂತು ತನ್ನ ಒಂದು ಗುರುತು ಬಿಟ್ಟು ಹೋದ.

ಆದರೆ ಎರಡು ಸಾವಿರ ವರ್ಷ ಆ ಬಂಡೆ ಅಲ್ಲೇ ಇದ್ದರೂ ಚಪಡ ಯಾರಿಗೂ ಗೊತ್ತಿರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಆ ಶಾಸನಗಳನ್ನು ಗುರುತಿಸಿದರು. ಆಮೇಲೆ ವಿದ್ವಾಂಸರು ಓದಿದರು, ವಾದ ಮಾಡಿದರು, ಪ್ರಕಟಿಸಿದರು. ಆಗಷ್ಟೇ ಚಪಡ ಚರಿತ್ರೆಯೊಳಗೆ ಬಂದ. ಬಂಡೆ ಮೂಲ ಸಾಕ್ಷಿ. ಬಂಡೆ ಓದಿ ಬರೆದವರದ್ದು ಎರಡನೇ ಸಾಕ್ಷಿ. ವಿಶ್ವಕೋಶ ನಿಲ್ಲುವುದು ಈ ಎರಡನೇ ಸಾಕ್ಷಿಯ ಮೇಲೆ. ರಾಜ ತನ್ನ ಬಗ್ಗೆ ತಾನೇ ಕೆತ್ತಿಸಿದ್ದನ್ನೆಲ್ಲ ಹಾಗೇ ಎತ್ತಿಕೊಂಡರೆ ಅದು ಹೊಗಳಿಕೆ ಆಗುತ್ತದೆ, ಚರಿತ್ರೆ ಆಗುವುದಿಲ್ಲ.

ಈ ಅಳತೆಗೆ ಕಮ್ಯುನಿಟಿ ಮೆಮರಿ ಸಲೀಸಾಗಿ ನಿಲ್ಲುತ್ತದೆ. ಪತ್ರಕರ್ತ ಸ್ಟೀವನ್ ಲೆವಿ 1984ರ ತಮ್ಮ ಪುಸ್ತಕದಲ್ಲಿ ಅದರ ಕಥೆಯನ್ನು ವಿವರವಾಗಿ ಬರೆದರು. ಕಂಪ್ಯೂಟರ್ ಚರಿತ್ರೆಯ ವಸ್ತುಸಂಗ್ರಹಾಲಯ ಅದರ ಟರ್ಮಿನಲ್ ಅನ್ನು ಉಳಿಸಿಕೊಂಡಿದೆ. ಕ್ಲೀವ್‌ಲ್ಯಾಂಡ್ ಫ್ರೀ‌ನೆಟ್ ಕೂಡ ಹಾಗೇ. ಟಾಮ್ ಗ್ರಂಡ್ನರ್ 1984ರಲ್ಲಿ ಒಂದು ಪುಟ್ಟ ವ್ಯವಸ್ಥೆ ಮಾಡಿದರು. ಜನ ಕಂಪ್ಯೂಟರ್ ಮೂಲಕ ಆರೋಗ್ಯದ ಪ್ರಶ್ನೆ ಕೇಳಬೇಕು, ವೈದ್ಯರು ಉತ್ತರ ಕೊಡಬೇಕು. ಅದು ಬೆಳೆದು 1986ರಲ್ಲಿ ಇಡೀ ಊರಿಗೆ ಪುಕ್ಕಟೆ ಜಾಲವಾಯಿತು. 1999ರಲ್ಲಿ ಮುಚ್ಚಿತು. ಅದನ್ನು ನೋಡಿ ಬೇರೆ ಊರುಗಳೂ ಕಟ್ಟಿಕೊಂಡವು, ಅದರ ಬಗ್ಗೆ ಬರೆದವರೂ ಬೇಕಾದಷ್ಟು ಜನ.

ಕಷ್ಟ ಇರೋದು ಸಣ್ಣವುಗಳದ್ದು. 1978ರ ಫೆಬ್ರವರಿಯಲ್ಲಿ ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಮನೆಯಿಂದಲೇ ಫೋನ್ ಮಾಡಿ ಕಂಪ್ಯೂಟರಿನಲ್ಲಿ ಸಂದೇಶ ಹಾಕುವ, ಓದುವ ಮೊದಲ ಬುಲೆಟಿನ್ ಬೋರ್ಡ್ ವ್ಯವಸ್ಥೆ ಶುರು ಮಾಡಿದರು. ಅದಾದ ಮೇಲೆ ಮನೆಮನೆಯಲ್ಲಿ ಅಂಥವು ಹುಟ್ಟಿದವು. ಒಂದು ಕಂಪ್ಯೂಟರ್, ಒಂದು ಮೋಡೆಮ್, ಒಂದು ಫೋನ್ ಲೈನ್. ಒಮ್ಮೆಗೆ ಒಬ್ಬರೇ. ಉಳಿದವರಿಗೆ ಎಂಗೇಜ್ ಸದ್ದು. ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ನಡೆಸುವವರು ಹಳೇ ಸಂದೇಶಗಳನ್ನು ಅಳಿಸಿಬಿಡುತ್ತಿದ್ದರು. ಉಳಿದಿದ್ದು ಫ್ಲಾಪಿಯೊಳಗೆ ಸೇರಿತು. ಫ್ಲಾಪಿ ಅಂದರೆ ಪ್ಲಾಸ್ಟಿಕ್ ತಟ್ಟೆಯ ಮೇಲೆ ಅಂಟಿಸಿದ ಕಬ್ಬಿಣದ ಆಕ್ಸೈಡಿನ ಕಣಗಳು. ತೇವ ಬಿದ್ದರೆ ಬೂಸ್ಟು ಹಿಡಿಯುತ್ತದೆ, ಅಂಟು ಬಿಡುತ್ತದೆ, ಕಾಂತಶಕ್ತಿ ಮಂಕಾಗುತ್ತದೆ. ಬ್ರಹ್ಮಗಿರಿಯ ಬಂಡೆ ಎರಡು ಸಾವಿರ ವರ್ಷ ತಾಳಿತು. ನನ್ನ ಬೀರುವಿನಲ್ಲಿದ್ದ 1.44 ಎಂಬಿ ಫ್ಲಾಪಿ ಇಪ್ಪತ್ತು ವರ್ಷವೂ ತಾಳಲಿಲ್ಲ. ಬಂಡೆಯೇ ಕರಗಿ ಹೋದರೆ ಓದಲು ಬರುವವರಿಗೆ ಏನು ಸಿಗಬೇಕು?

ಇಂಥ ಒಂದೊಂದಕ್ಕೂ ಬೇರೆ ನಮೂದು ಬೇಡ ಅಂತಲೇ ನನಗೆ ಅನ್ನಿಸುತ್ತದೆ. ಆ ಊರಿನ ಬಗೆಗಿನ ಬರಹದಲ್ಲಿ ಒಂದು ಒಳ್ಳೆಯ ಪ್ಯಾರಾ ಸಾಕು. ಆದರೆ ಆ ಪ್ಯಾರಾಕ್ಕೂ ಸಾಕ್ಷಿ ಬೇಕು. ಮೂಲ ಇಂಗ್ಲಿಷಿನಲ್ಲೇ ಇರಬೇಕು, ಇಂಟರ್‌ನೆಟ್ಟಿನಲ್ಲೇ ಸಿಗಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಅಚ್ಚಾದ ಕನ್ನಡ ಪತ್ರಿಕೆಯ ಒಂದು ವರದಿಯೂ ನಡೆಯುತ್ತದೆ. ಇದು ಜಾಸ್ತಿ ಜನರಿಗೆ ಗೊತ್ತೇ ಇಲ್ಲ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಅದೂ ದೊಡ್ಡ ಊರುಗಳಲ್ಲಿ. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಅದಾಗಿ ಕೆಲವು ವರ್ಷಕ್ಕೆ ನಮ್ಮಲ್ಲೂ ಬ್ರೌಸಿಂಗ್ ಸೆಂಟರುಗಳು ಬಂದವು. ರಿಸಲ್ಟ್ ನೋಡೋಕೆ ಪಿಯುಸಿ ಮಕ್ಕಳು ಸಾಲು ನಿಲ್ಲುತ್ತಿದ್ದರು. ವಿದೇಶದಲ್ಲಿರೋ ಮಗನಿಗೆ ಕಾಗದ ಟೈಪ್ ಮಾಡಿಕೊಡಿ ಅಂತ ತಾಯಂದಿರು ಬರುತ್ತಿದ್ದರು. ಇದನ್ನೆಲ್ಲ ಯಾರು ಬರೆದಿಟ್ಟರು?

ಹೋದ ತಿಂಗಳು, ಆಗ ಅಂಥದ್ದೊಂದು ಸೆಂಟರ್ ನಡೆಸುತ್ತಿದ್ದವರ ಮನೆಗೆ ಆ ಹುಡುಗಿಯನ್ನೂ ಕರೆದುಕೊಂಡು ಹೋದೆ. ಅವರೀಗ ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಒಳಗಿನಿಂದ ಒಂದು ಉದ್ದನೆಯ ರಿಜಿಸ್ಟರ್ ತಂದರು. ಕೆಂಪು ಬಟ್ಟೆಯ ಬೆನ್ನು, ಅಂಚಿಗೆ ಇಲಿ ಕಡಿದ ಗುರುತು. ಬಂದ ಹೊತ್ತು, ಹೋದ ಹೊತ್ತು, ಕೊಟ್ಟ ದುಡ್ಡು. ಪಕ್ಕದ ಅಂಕಣದಲ್ಲಿ ಅವರದೇ ಕೈಬರಹ: 'ಕರೆಂಟ್ ಹೋಯ್ತು', 'ಲೈನ್ ಸಿಗಲಿಲ್ಲ', 'ಮಗನ ಫೋಟೊ ಬಂತು'. ಹುಡುಗಿ ನೆಲದ ಮೇಲೆ ಕೂತು ಒಂದೊಂದೇ ಪುಟ ತಿರುವಿದಳು. ನೋಟ್‌ಬುಕ್ ತೆಗೆದು ಬರೆದುಕೊಳ್ಳೋಕೆ ಶುರು ಮಾಡಿದಳು. ಇನ್ನೊಂದು ರಿಜಿಸ್ಟರ್ ಅಟ್ಟದ ಮೇಲಿದೆಯಂತೆ. ಭಾನುವಾರ ಏಣಿ ತರಿಸಿ ಇಡ್ತೇನೆ, ಬನ್ನಿ ಅಂದಿದ್ದಾರೆ.