ಸಾಲಿನ ಪಕ್ಕ ಸಾಲು: ಪವಿತ್ರ ಗ್ರಂಥಗಳನ್ನು ಹೋಲಿಸಿ ನೋಡಿದ ಕಥೆ

ಎಲ್ಲ ಧರ್ಮಗಳ ಸಾರ ಒಂದೇ ಎಂದು ತೋರಿಸುವ ಭಿತ್ತಿಪತ್ರಗಳಲ್ಲಿ ಮಹಾಭಾರತದ ಪಾಲಿಗೆ ಸಾಮಾನ್ಯವಾಗಿ ಬರುವ ವಾಕ್ಯ ಇದು: ‘ನಿನಗೆ ಯಾವುದು ನೋವು ತರುತ್ತದೋ ಅದನ್ನು ಬೇರೆಯವರಿಗೆ ಮಾಡಬೇಡ.’ ಕೆಳಗೆ 5:1517 ಎಂಬ ಅಂಕಿ. ಈ ಅಂಕಿ ಹಿಡಿದು ಹೊರಟವರು ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿ ಏನನ್ನೂ ಕಾಣುವುದಿಲ್ಲ. ಅಧ್ಯಾಯಗಳನ್ನು ಲೆಕ್ಕಿಸದೆ ಪರ್ವದ ಉದ್ದಕ್ಕೂ ಒಂದೇ ಎಣಿಕೆ ಹಾಕಿದ ಹಳೆಯ ಮುದ್ರಣದ ಕ್ರಮ ಅದು. ಪುಣೆಯ ಆವೃತ್ತಿಯಲ್ಲಿ ಹುಡುಕಬೇಕಾದದ್ದು ಉದ್ಯೋಗಪರ್ವದ 39ನೇ ಅಧ್ಯಾಯವನ್ನು. ಅಲ್ಲಿ ವಿದುರ ಈ ಮಾತನ್ನು ಧೃತರಾಷ್ಟ್ರನಿಗೆ ಹೇಳುತ್ತಾನೆ. ಹೆಚ್ಚುಕಡಿಮೆ ಇದೇ ಶ್ಲೋಕ ಅನುಶಾಸನಪರ್ವದಲ್ಲಿ ಮತ್ತೆ ಬರುತ್ತದೆ. ಅಲ್ಲಿ ಹೇಳುವವನು ಬೃಹಸ್ಪತಿ, ಕೇಳುವವನು ಯುಧಿಷ್ಠಿರ.

ಶ್ಲೋಕದ ಬಾಲವನ್ನು ಭಿತ್ತಿಪತ್ರ ಕತ್ತರಿಸಿರುತ್ತದೆ. ‘ಕಾಮಾದನ್ಯಃ ಪ್ರವರ್ತತೇ’: ಇದಕ್ಕೆ ಹೊರತಾದ ನಡತೆ ಹುಟ್ಟುವುದು ಕಾಮದಿಂದ. ಪಕ್ಕದ ಉಲ್ಲೇಖಗಳಿಗೂ ಇದೇ ಗತಿ. ಮತ್ತಾಯನ ಸುವಾರ್ತೆ 7:12ರ ಮಾತು ‘ಧರ್ಮಶಾಸ್ತ್ರವೂ ಪ್ರವಾದಿಗಳೂ ಹೇಳುವುದು ಇದೇ’ ಎಂದು ಮುಗಿಯುತ್ತದೆ. ಯೆಹೂದಿಗಳ ಧರ್ಮಚರ್ಚೆಯ ಗ್ರಂಥ ತಾಲ್ಮುದಿನಲ್ಲಿ ಗುರು ಹಿಲೆಲ್, ಒಂಟಿಕಾಲಿನಲ್ಲಿ ನಿಂತಿರುವಷ್ಟು ಹೊತ್ತಿನಲ್ಲಿ ಇಡೀ ತೋರಾ (ಯೆಹೂದಿ ಧರ್ಮಶಾಸ್ತ್ರ) ಕಲಿಸು ಎಂದವನಿಗೆ ಇದನ್ನೇ ಹೇಳಿ, ‘ಉಳಿದದ್ದೆಲ್ಲ ವ್ಯಾಖ್ಯಾನ, ಹೋಗಿ ಕಲಿ’ ಎನ್ನುತ್ತಾನೆ. ಬದುಕಿಡೀ ಪಾಲಿಸಬಹುದಾದ ಒಂದೇ ಪದ ಇದೆಯೇ ಎಂದು ಶಿಷ್ಯ ಕೇಳಿದಾಗ ಕನ್‌ಫ್ಯೂಷಿಯಸ್ ಕೊಟ್ಟ ಉತ್ತರ ‘ಶು’, ಅಂದರೆ ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು. ನಾವು ಓದುವ ವಾಕ್ಯ ಆ ಪದದ ವಿವರಣೆ. ತಲೆಗಳು ಒಂದೇ ಥರ, ಬಾಲಗಳು ಬೇರೆ ಬೇರೆ: ಒಂದು ಕಾಮದತ್ತ, ಒಂದು ಶಾಸ್ತ್ರದತ್ತ, ಒಂದು ಅಧ್ಯಯನದತ್ತ ತಿರುಗುತ್ತದೆ. ಬಾಲ ಕತ್ತರಿಸಿ ತಲೆಗಳನ್ನು ಮಾತ್ರ ಸಾಲಾಗಿ ಜೋಡಿಸುವ ಅಭ್ಯಾಸಕ್ಕೆ ದೀರ್ಘ ಇತಿಹಾಸವಿದೆ.

ಜೋಡಿಸುವ ತಂತ್ರ ಬೆಳೆದದ್ದು ಹೋಲಿಕೆಗಾಗಿ ಅಲ್ಲ, ಒಂದೇ ಗ್ರಂಥದ ಜಗಳ ಬಿಡಿಸಲು. 3ನೇ ಶತಮಾನದಲ್ಲಿ ಪ್ಯಾಲೆಸ್ತೀನಿನ ಸಿಸೇರಿಯಾದಲ್ಲಿದ್ದ ಕ್ರೈಸ್ತ ವಿದ್ವಾಂಸ ಆರಿಜನ್ ‘ಹೆಕ್ಸಾಪ್ಲ’ ಎಂಬ ಬೃಹತ್ ಪ್ರತಿಯಲ್ಲಿ ಹೀಬ್ರೂ ಬೈಬಲನ್ನು ಆರು ಅಂಕಣಗಳಲ್ಲಿ ಬರೆಸಿದ. ಮೊದಲನೆಯದು ಹೀಬ್ರೂ, ಎರಡನೆಯದು ಅದೇ ಹೀಬ್ರೂ ಗ್ರೀಕ್ ಲಿಪಿಯಲ್ಲಿ, ಉಳಿದ ನಾಲ್ಕು ಬೇರೆ ಬೇರೆ ಗ್ರೀಕ್ ಅನುವಾದಗಳು. ಗ್ರೀಕಿನಲ್ಲಿದ್ದು ಹೀಬ್ರೂವಿನಲ್ಲಿ ಇಲ್ಲದ್ದಕ್ಕೆ ಒಂದು ಗುರುತು, ಹೀಬ್ರೂವಿನಲ್ಲಿದ್ದು ಗ್ರೀಕಿನಲ್ಲಿ ಬಿಟ್ಟುಹೋದದ್ದಕ್ಕೆ ನಕ್ಷತ್ರ ಚಿಹ್ನೆ. ಮೂಲ ಪ್ರತಿ ಉಳಿದಿಲ್ಲ, ಚೂರುಗಳಿವೆ. ವ್ಯತ್ಯಾಸಕ್ಕೂ ಗುರುತು ಹಾಕಬೇಕು ಎಂಬ ಅವನ ಶಿಸ್ತು ಮುಂದೆ ಹೋಲಿಕೆಗೆ ಇಳಿದ ಹಲವರಲ್ಲಿ ಕಾಣುವುದಿಲ್ಲ.

ಎರಡು ಬೇರೆ ಪರಂಪರೆಗಳು ಎದುರಾದಾಗ ತೊಡಕು ಅನುವಾದದಿಂದಲೇ ಶುರು. ಬೌದ್ಧ ಸೂತ್ರಗಳು ಚೀನೀ ಭಾಷೆಗೆ ಬಂದ ಮೊದಲ ಶತಮಾನಗಳಲ್ಲಿ ನಿರ್ವಾಣಕ್ಕೆ ದಾವೋ ಪಂಥದ ‘ವೂ-ವೇ’ (ಬಲವಂತವಿಲ್ಲದ ನಡೆ), ಬೋಧಿಗೆ ‘ದಾವೋ’ (ದಾರಿ) ಎಂಬ ಪದಗಳನ್ನೇ ಬಳಸಿದರು. ಓದಿದವರಿಗೆ ಬುದ್ಧ ದಾವೋ ಪಂಥದ ಗುರು ಲಾವೋತ್ಸುವಿನ ಮಾತನ್ನೇ ಆಡುತ್ತಿದ್ದಂತೆ ಕಂಡರೆ ಆಶ್ಚರ್ಯವೇನು? 4ನೇ ಶತಮಾನದ ಭಿಕ್ಷು ದಾವೋ-ಆನ್ ಈ ಹೊಂದಾಣಿಕೆಯನ್ನು ಆಕ್ಷೇಪಿಸಿದ. 401ರಲ್ಲಿ ಚಾಂಗ್‌ಆನ್‌ಗೆ ಬಂದ ಬೌದ್ಧ ಭಿಕ್ಷು ಕುಮಾರಜೀವನ ಅನುವಾದಗಳ ಮೇಲೆ ಪರಿಭಾಷೆ ಬಹುಮಟ್ಟಿಗೆ ಸ್ವಂತದ್ದಾಯಿತು. ಆದರೂ ಪಾಠ ಯಾರಿಗೂ ಶಾಶ್ವತವಾಗಿ ಉಳಿಯಲಿಲ್ಲ. ಚೀನೀ ಬೈಬಲಿನಲ್ಲಿ ಯೋಹಾನನ ಮೊದಲ ಸಾಲು ‘ಆದಿಯಲ್ಲಿ ದಾವೋ ಇತ್ತು’ ಎಂದಿದೆ. ಅದನ್ನು ಲಾವೋತ್ಸುವಿನದೆನ್ನುವ ‘ದಾವೋ ದ ಜಿಂಗ್’ ಪಕ್ಕದಲ್ಲಿಟ್ಟರೆ ಕಾಣುವ ಸಾಮ್ಯ ಅನುವಾದಕರು ತಂದಿಟ್ಟದ್ದು; ಗ್ರೀಕ್ ಮೂಲದಲ್ಲಿರುವ ಪದ ‘ಲೋಗೋಸ್’ (ಮಾತು).

1030ರ ಸುಮಾರಿಗೆ ಭಾರತದ ಬಗ್ಗೆ ಬರೆದ ಮುಸ್ಲಿಂ ವಿದ್ವಾಂಸ ಅಲ್‌ಬೀರೂನಿ ಇನ್ನೊಂದು ದಾರಿ ಹಿಡಿದ. ಸಂಸ್ಕೃತ ಕಲಿತು, ಯೋಗಸೂತ್ರದ ಒಂದು ಪಾಠವನ್ನು ಅರಬ್ಬಿಗೆ ತಂದು, ಗೀತೆಯ ವಾಕ್ಯಗಳ ಪಕ್ಕ ಪ್ಲೇಟೋ ಮತ್ತು ಸೂಫಿಗಳ ಮಾತುಗಳನ್ನಿಟ್ಟ. ನಾನು ವಾದಕ್ಕೆ ಇಳಿದಿಲ್ಲ, ಅವರು ಹೇಳುವುದನ್ನು ಹಾಗೇ ಇಡುತ್ತೇನೆ ಎಂದು ಮೊದಲೇ ಘೋಷಿಸಿದ.

ಮೊಘಲ್ ರಾಜಕುಮಾರ ದಾರಾ ಶಿಕೋಹ್‌ಗೆ ಅಷ್ಟು ತಣ್ಣಗಿರುವುದು ಬೇಕಿರಲಿಲ್ಲ. 1655ರ ‘ಮಜ್ಮ-ಉಲ್-ಬಹ್ರೈನ್’ನಲ್ಲಿ ಬ್ರಹ್ಮ, ವಿಷ್ಣು, ಮಹೇಶರನ್ನು ಜಿಬ್ರೀಲ್, ಮೀಕಾಈಲ್, ಇಸ್ರಾಫೀಲ್ ದೇವದೂತರಿಗೆ ಸರಿಗಟ್ಟಿದ. 1657ರಲ್ಲಿ ಕಾಶಿಯ ಪಂಡಿತರು, ಸಂನ್ಯಾಸಿಗಳ ನೆರವಿನಿಂದ ಸುಮಾರು 50 ಉಪನಿಷತ್ತುಗಳನ್ನು ಪಾರ್ಸಿ ಭಾಷೆಗೆ ತಂದ. ಅವನನ್ನು ಬರೀ ಸಮನ್ವಯದ ಸಂತನಂತೆ ಓದಿದರೆ ಅರ್ಧ ಮಾತ್ರ ಸಿಕ್ಕಂತೆ. ಕುರಾನಿನ 56ನೇ ಅಧ್ಯಾಯ ಹೇಳುವ ‘ಮರೆಯಲ್ಲಿರುವ ಗ್ರಂಥ’ ಯಾವುದು ಎಂಬುದು ಅವನ ಪ್ರಶ್ನೆಯಾಗಿತ್ತು, ಉಪನಿಷತ್ತು ಅವನಿಗೆ ಸಿಕ್ಕ ಉತ್ತರ. ಅಂದರೆ ಅದು ಕುರಾನಿನ ಓದೇ. ಅವನ ಅನುವಾದದಲ್ಲಿ ಶಂಕರ ಭಾಷ್ಯದ ವಿವರಣೆಗಳು ಮೂಲದ ಜೊತೆ ಬೆರೆತು ಹರಿಯುತ್ತವೆ. 1659ರಲ್ಲಿ ದಾರಾನ ತಲೆ ಉರುಳಿತು, ಹಸ್ತಪ್ರತಿಗಳು ಉಳಿದವು. ಫ್ರಾನ್ಸಿನ ಆಂಕೆತಿಲ್ ದ್ಯೂಪೆರೋನ್ ಆ ಪಾರ್ಸಿಯನ್ನು ಪದಕ್ಕೆ ಪದ ಲ್ಯಾಟಿನ್‌ಗೆ ತಂದು 1801–02ರಲ್ಲಿ ಅಚ್ಚು ಹಾಕಿಸಿದ. ಜರ್ಮನ್ ತತ್ತ್ವಜ್ಞಾನಿ ಷೋಪೆನ್‌ಹಾವರ್ ಕೊಂಡಾಡಿದ ಉಪನಿಷತ್ತು ಇದೇ: ಸಂಸ್ಕೃತ, ಭಾಷ್ಯ, ಪಾರ್ಸಿಯ ಸೂಫಿ ಪರಿಭಾಷೆ, ಲ್ಯಾಟಿನ್ ಎಲ್ಲ ದಾಟಿ ಬಂದದ್ದು. ಅದರಲ್ಲಿ ಕಂಡ ಏಕತೆಯಲ್ಲಿ ಯಾಜ್ಞವಲ್ಕ್ಯನದೆಷ್ಟು, ದಾರಾನದೆಷ್ಟು ಎಂದು ಲ್ಯಾಟಿನ್ ಮಾತ್ರ ಓದಿದವರು ಬಿಡಿಸಲಾರರು.

1879ರಿಂದ 1910ರವರೆಗೆ ಮ್ಯಾಕ್ಸ್ ಮುಲ್ಲರ್ ಆರಂಭಿಸಿದ ‘ಸೇಕ್ರೆಡ್ ಬುಕ್ಸ್ ಆಫ್ ದಿ ಈಸ್ಟ್’ ಮಾಲೆ 50 ಸಂಪುಟಗಳಲ್ಲಿ ಹೊರಬಂತು. ವೇದಾಂತ, ಜರತುಷ್ಟ್ರ ಧರ್ಮದ ಅವೆಸ್ತಾ, ಕುರಾನ್, ಜೈನ ಸೂತ್ರ, ಧಮ್ಮಪದ, ಚೀನೀ ಗ್ರಂಥಗಳು ಒಂದೇ ಕಪಾಟಿಗೆ ಬಂದವು. ಬೈಬಲ್ ಮಾತ್ರ ಇಲ್ಲ. ಎಲ್ಲವನ್ನೂ ಅಳೆಯಬೇಕು, ಅಳತೆಗೋಲನ್ನು ಮಾತ್ರ ಮೇಜಿನ ಮೇಲೆ ಇಡಬಾರದು ಎಂಬಂತಾಯಿತು. ಮುಲ್ಲರ್‌ನ ಒಂದು ಗುಣವನ್ನು ಮಾತ್ರ ಒಪ್ಪಲೇಬೇಕು: ಬರೀ ಜ್ಞಾನದ ಮುತ್ತುಗಳನ್ನು ಬಯಸಿ ಬರುವವರಿಗೆ ನಿರಾಸೆ ಕಾದಿದೆ ಎಂದು ಮೊದಲ ಸಂಪುಟದಲ್ಲೇ ಎಚ್ಚರಿಸಿದ.

ಆ ಹೊತ್ತಿಗೆ ಇನ್ನೊಂದು ಬಗೆಯ ಹೋಲಿಕೆ ತಲೆಯೆತ್ತಿತ್ತು: ಯಾರು ಯಾರಿಂದ ಪಡೆದರು? 1872ರ ಡಿಸೆಂಬರ್ 3ರಂದು ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್, ಇರಾಕಿನ ಪ್ರಾಚೀನ ನಗರ ನಿನೆವೆಯ ಜೇಡಿಮಣ್ಣಿನ ಫಲಕದಲ್ಲಿ ಜಲಪ್ರಳಯದ ಕಥೆ ಓದಿದ್ದಾಗಿ ಪ್ರಕಟಿಸಿದ. ಕೊಡುಕೊಳ್ಳುವಿಕೆಯನ್ನು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಪ್ರಳಯ, ಹಡಗು, ಬೆಟ್ಟ ಇದ್ದರೆ ಸಾಲದು. ನೀರು ಏರಿದರೆ ಹಡಗು ಬೇಕು, ಇಳಿದರೆ ಬೆಟ್ಟವೇ ಮೊದಲು ಸಿಗುವುದು. ಕಥೆಗೆ ಅನಿವಾರ್ಯವಲ್ಲದ ಸಣ್ಣ ವಿವರ ಹೊಂದುತ್ತದೆಯೇ ನೋಡಬೇಕು. ಸ್ಮಿತ್ ಓದಿದ, ಪ್ರಾಚೀನ ಮೆಸೊಪೊಟೇಮಿಯಾದ ಮಹಾಕಾವ್ಯ ಗಿಲ್ಗಮೆಶ್‌ನ 11ನೇ ಫಲಕದಲ್ಲಿ ನೆಲ ಕಂಡಿತೇ ಎಂದು ಪಾರಿವಾಳ, ಇನ್ನೊಂದು ಸಣ್ಣ ಹಕ್ಕಿ, ಕಾಗೆಯನ್ನು ಒಂದೊಂದಾಗಿ ಬಿಡುತ್ತಾರೆ. ಬೈಬಲಿನ ಆದಿಕಾಂಡದ 8ನೇ ಅಧ್ಯಾಯದಲ್ಲಿ ಮೊದಲು ಕಾಗೆ, ಆಮೇಲೆ ಪಾರಿವಾಳ. ಎರಡರಲ್ಲೂ ಬಲಿಯ ಸುವಾಸನೆ ದೇವರ ಮೂಗಿಗೆ ಬಡಿಯುತ್ತದೆ. ಇಲ್ಲಿ ನಂಟು ಇದೆ. ವೈದಿಕ ಗ್ರಂಥ ಶತಪಥ ಬ್ರಾಹ್ಮಣದ ಮನುವಿನ ಕಥೆಯಲ್ಲಿ ಹಕ್ಕಿಗಳಿಲ್ಲ. ಮೀನಿನ ಕೊಂಬಿಗೆ ಹಡಗನ್ನು ಕಟ್ಟುತ್ತಾನೆ, ಉತ್ತರದ ಬೆಟ್ಟ ತಲುಪುತ್ತಾನೆ, ತುಪ್ಪ ಮೊಸರು ಅರ್ಪಿಸಿದ ನೀರಿನಿಂದ ಇಡಾ ಎಂಬ ಹೆಣ್ಣು ಹುಟ್ಟುತ್ತಾಳೆ. ಮೇಲಿನ ಪರೀಕ್ಷೆಯಿಂದಷ್ಟೇ ಇದನ್ನೂ ಅದೇ ಸರಪಳಿಗೆ ಸೇರಿಸಲಾಗದು. 1961ರಲ್ಲಿ ಅಮೆರಿಕದ ಬೈಬಲ್ ವಿದ್ವಾಂಸ ಸ್ಯಾಮ್ಯುಯೆಲ್ ಸ್ಯಾಂಡ್‌ಮೆಲ್ ‘ಪ್ಯಾರಲಲೋಮೇನಿಯಾ’ ಎಂದು ಕರೆದದ್ದು ಇಂಥ ಹೋಲಿಕೆಯ ಗೀಳನ್ನೇ. ಸಾಮ್ಯ ಕಂಡ ತಕ್ಷಣ ಮೂಲ ಹುಡುಕುವುದು ಆ ರೋಗದ ಲಕ್ಷಣ.

ಇವತ್ತು ಎರಡು ಗ್ರಂಥಗಳನ್ನು ಪಕ್ಕಪಕ್ಕ ಇಡುವವರು ಆರಿಜನ್‌ನ ಹಾಗೆ ಅಂಕಣ ಹಾಕಿಕೊಂಡರೆ ಅರ್ಧ ತಪ್ಪು ತಪ್ಪುತ್ತದೆ. ಮೊದಲ ಅಂಕಣದಲ್ಲಿ ಮೂಲ, ಯಾವ ಆವೃತ್ತಿ ಎಂಬುದರ ಸಮೇತ. ‘ಯೆಹೋವನು ನನಗೆ ಕುರುಬನು’ ಹೀಬ್ರೂ ಎಣಿಕೆಯಲ್ಲಿ 23ನೇ ಕೀರ್ತನೆ, ಗ್ರೀಕ್ ಎಣಿಕೆಯಲ್ಲಿ 22. ಅಲ್ಲಿ 9 ಮತ್ತು 10 ಒಂದೇ ಕೀರ್ತನೆ. ಋಗ್ವೇದಕ್ಕೆ ಮಂಡಲದ ಲೆಕ್ಕವೂ ಇದೆ, ಅಷ್ಟಕದ ಲೆಕ್ಕವೂ ಇದೆ. ಎರಡನೆಯ ಅಂಕಣದಲ್ಲಿ ಬೇರೆ ಬೇರೆ ಕಾಲದ ಎರಡು ಅನುವಾದ. ಅವು ಎಲ್ಲಿ ಜಗಳವಾಡುತ್ತವೋ ಅಲ್ಲೇ ಮುಖ್ಯ ಪದ ಇರುತ್ತದೆ. ಮೂರನೆಯದರಲ್ಲಿ ಹಿಂದಿನ ಮುಂದಿನ ಹತ್ತು ಸಾಲು, ಯಾರು ಯಾರಿಗೆ ಹೇಳಿದರು ಎಂಬುದು. ನಾಲ್ಕನೆಯದು ಭಾಷ್ಯಕ್ಕೆ. ಗೀತೆಯ ‘ಸರ್ವಧರ್ಮಾನ್ ಪರಿತ್ಯಜ್ಯ’ಕ್ಕೆ ಎಲ್ಲ ಕರ್ಮಗಳನ್ನೂ ಬಿಡು ಎಂಬುದು ಶಂಕರರ ಅರ್ಥ, ಕರ್ಮ ಮಾಡುತ್ತಲೇ ಫಲವನ್ನೂ ಕರ್ತೃತ್ವವನ್ನೂ ಬಿಡು ಎಂಬುದು ರಾಮಾನುಜರ ಅರ್ಥ. ಹಾಗಿರುವಾಗ ‘ಗೀತೆ ಹೇಳುತ್ತದೆ’ ಎಂದು ಬರೆಯುವ ಮುನ್ನ ಯಾರ ಗೀತೆ ಎಂದು ಕೇಳಿಕೊಳ್ಳಬೇಕು.

ಸದಾ ಖಾಲಿ ಉಳಿಯುವುದು ಐದನೆಯ ಅಂಕಣ: ಈ ಗ್ರಂಥವನ್ನು ಅದರವರು ಏನು ಮಾಡುತ್ತಾರೆ? ಕುರಾನಿಗೆ ಸಮನಾಗಿ ನಿಲ್ಲುವುದು ಬೈಬಲ್ ಅಲ್ಲ, ಕ್ರಿಸ್ತನೇ ಎಂದು ಧರ್ಮಗಳ ವಿದ್ವಾಂಸ ವಿಲ್‌ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಗುರುತಿಸಿದ್ದು ಈ ಪ್ರಶ್ನೆ ಕೇಳಿದ್ದರಿಂದ: ಒಂದು ಕಡೆ ದೇವರ ಮಾತು ಗ್ರಂಥವಾಗಿ ಇಳಿಯಿತು, ಇನ್ನೊಂದು ಕಡೆ ಮನುಷ್ಯನಾಗಿ. ವೇದವಂತೂ ಕಿವಿಗೆ ಸೇರಿದ್ದು. ಪದ, ಕ್ರಮ, ಜಟಾ, ಘನ ಎಂದು ಪದಗಳನ್ನು ಹಿಂದೆ ಮುಂದೆ ಹೆಣೆದು ಒಪ್ಪಿಸುವ ಘನಪಾಠಿಯ ಎದುರು ಅಚ್ಚಾದ ಅನುವಾದವನ್ನು ಹಿಡಿದು ಕೂತವರಿಗೆ, ತಾವು ಯಾವ ಸಾಲಿನಲ್ಲಿದ್ದೇವೆ ಎಂಬುದೂ ಗೊತ್ತಾಗುವುದಿಲ್ಲ.