ಉಸಿರು ಕಟ್ಟುವ ನಿದ್ದೆಗೆ ಶೇಕಡಾ 50: ಅಮೆರಿಕದ ಮಾಜಿ ಸೈನಿಕರ ಪರಿಹಾರ ವಿವಾದ ಬೆಳೆದು ಬಂದ ಬಗೆ

ಮಂಚದ ಪಕ್ಕದ ಮೇಜಿನ ಮೇಲೆ ಊಟದ ಡಬ್ಬಿಯಷ್ಟು ಗಾತ್ರದ ಒಂದು ಯಂತ್ರ ಕೂತಿರುತ್ತದೆ. ಅದರಿಂದ ಹೊರಟ ಸುರುಳಿ ಕೊಳವೆ ಮಲಗಿದವರ ಮೂಗಿಗೆ ಕಟ್ಟಿದ ಮಾಸ್ಕನ್ನು ಸೇರುತ್ತದೆ. ರಾತ್ರಿಯಿಡೀ ಒಂದೇ ಒತ್ತಡದಲ್ಲಿ ಗಾಳಿಯನ್ನು ಒಳಗೆ ನೂಕುತ್ತಾ, ಸಡಿಲಗೊಂಡ ಗಂಟಲು ಕುಸಿದು ಉಸಿರಿನ ದಾರಿ ಮುಚ್ಚಿಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಸಿಪ್ಯಾಪ್ ಎಂದು ಕರೆಯಲಾಗುವ ಈ ಯಂತ್ರ ಅಗತ್ಯವಿದೆ ಎಂದು ದಾಖಲಾಗಿ, ನಿದ್ದೆಯಲ್ಲಿ ಹೀಗೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆಗೂ ಸೇನಾ ಸೇವೆಗೂ ನಂಟಿದೆ ಎಂದು ಸಾಬೀತಾದರೆ, ಅಮೆರಿಕದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆ, ಅಂದರೆ ಎಲ್ಲರ ಬಾಯಲ್ಲಿರುವ 'ವಿಎ', ಆ ವ್ಯಕ್ತಿಗೆ ಶೇಕಡಾ 50ರಷ್ಟು ವೈಕಲ್ಯವಿದೆ ಎಂದು ನಿಗದಿಪಡಿಸುತ್ತದೆ. 2025ರ ದರದಲ್ಲಿ ಇದು ಅವಲಂಬಿತರಿಲ್ಲದ ಒಬ್ಬರಿಗೆ ತಿಂಗಳಿಗೆ ಸುಮಾರು 1,102 ಡಾಲರ್, ಅದೂ ತೆರಿಗೆಯಿಲ್ಲದೆ. ಅದೇ ಇಲಾಖೆಯ ಅದೇ ಪಟ್ಟಿಯಲ್ಲಿ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರಿಗಿರುವುದು ಶೇಕಡಾ 40. ಸ್ಲೀಪ್ ಆಪ್ನಿಯಾ ಪರಿಹಾರವನ್ನು ಟೀಕಿಸುವವರು ಮೊದಲು ಎತ್ತಿಕೊಳ್ಳುವುದು ಈ ಹೋಲಿಕೆಯನ್ನೇ. ಕಾಲು ಕಳೆದುಕೊಂಡವರಿಗೆ ಪ್ರತ್ಯೇಕ ವಿಶೇಷ ಮಾಸಿಕ ಮೊತ್ತವೂ ಸೇರುತ್ತದೆ ಎಂಬುದನ್ನು ಅವರು ಸಾಮಾನ್ಯವಾಗಿ ಹೇಳುವುದಿಲ್ಲ.

ಈ 50 ಎಂಬ ಅಂಕಿ ಎಲ್ಲಿಂದ ಬಂತು ಎಂದು ತಿಳಿಯಲು ಕಾಯಿಲೆಯ ಇತಿಹಾಸಕ್ಕೇ ಹೋಗಬೇಕಾಗುತ್ತದೆ. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಪದೇಪದೇ ನಿಲ್ಲುವುದನ್ನು 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಎರಡು ತಂಡಗಳು ಪ್ರತ್ಯೇಕವಾಗಿ ದಾಖಲಿಸಿದ್ದವು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟಿಯನ್ ಗಿಯೆಮಿನೋ ಮತ್ತವರ ಸಹೋದ್ಯೋಗಿಗಳು ಅದಕ್ಕೆ ಸ್ಲೀಪ್ ಆಪ್ನಿಯಾ ಎಂಬ ಹೆಸರನ್ನು ನೆಲೆಗೊಳಿಸಿದರು. ಆ ಕಾಲದಲ್ಲಿ ತೀವ್ರವಾಗಿ ನರಳುವವರಿಗಿದ್ದ ಚಿಕಿತ್ಸೆ ಒಂದೇ: ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವುದು. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಐವರು ರೋಗಿಗಳ ಮೇಲೆ ಮೂಗಿನ ಮೂಲಕ ಗಾಳಿ ಹಾಯಿಸಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದ ಮೇಲೆ ಈ ಚಿತ್ರ ಬದಲಾಯಿತು.

ವಿಎ ತನ್ನ ವೈಕಲ್ಯ ಪಟ್ಟಿಯ ಶ್ವಾಸಕೋಶ ಅಧ್ಯಾಯವನ್ನು ಪರಿಷ್ಕರಿಸಿದ್ದು 1996ರಲ್ಲಿ. ಆಗ ಸ್ಲೀಪ್ ಆಪ್ನಿಯಾಕ್ಕೆ 6847 ಎಂಬ ಸಂಕೇತ ಸಿಕ್ಕಿತು. ಪರೀಕ್ಷೆಯಲ್ಲಿ ಕಾಯಿಲೆ ಕಂಡರೂ ಲಕ್ಷಣಗಳಿಲ್ಲದಿದ್ದರೆ ಸೊನ್ನೆ, ಹಗಲು ಹೊತ್ತಿನ ಬಿಡದ ತೂಕಡಿಕೆಗೆ 30, ಸಿಪ್ಯಾಪ್‌ನಂಥ ಉಸಿರಾಟದ ಉಪಕರಣ ಬೇಕಾದರೆ 50, ಉಸಿರಾಟವೇ ಸೋತು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದುಕೊಂಡರೆ ಅಥವಾ ಕತ್ತಿನ ರಂಧ್ರ ಅನಿವಾರ್ಯವಾದರೆ 100. ಸಂಕಟದ ತೀವ್ರತೆಯನ್ನು ಅಳೆಯಲು ಯಂತ್ರವನ್ನೇ ಅಳತೆಗೋಲಾಗಿ ಮಾಡಿಕೊಂಡ ಈ ಏರ್ಪಾಡು ಅಂದಿನ ಮಟ್ಟಿಗೆ ಅಸಂಗತವೇನಲ್ಲ. ಹದಿನೈದು ವರ್ಷಗಳ ಹಿಂದಷ್ಟೇ ಬಂದಿದ್ದ ಚಿಕಿತ್ಸೆಯದು, ಅದರ ಅಗತ್ಯ ಬಿದ್ದವರು ನಿಜಕ್ಕೂ ಬಳಲಿದವರೇ ಆಗಿರುತ್ತಾರೆ ಎಂಬ ಊಹೆ ಸಹಜವಾಗಿತ್ತು. ಮುಂದೆ ಕಾಯಿಲೆ ಎಷ್ಟು ವ್ಯಾಪಕ ಎಂಬುದು ತಿಳಿಯುತ್ತಾ ಹೋಯಿತು, ಯಂತ್ರ ಚಿಕ್ಕದಾಗಿ ಮನೆಮನೆಗೂ ಬಂತು, ಸೌಮ್ಯ ಪ್ರಮಾಣದ ಕಾಯಿಲೆಗೂ ವೈದ್ಯರು ಅದನ್ನೇ ಬರೆದುಕೊಡತೊಡಗಿದರು. ನಿಯಮ ಮಾತ್ರ ಇದ್ದಲ್ಲೇ ಇತ್ತು. ವಿವಾದದ ಬೇರು ಇಲ್ಲಿದೆಯೇ ಹೊರತು, ಕೆಲವರು ಹೇಳುವಂತೆ ಸೈನಿಕರ ದುರಾಸೆಯಲ್ಲಲ್ಲ ಎಂಬುದು ನನ್ನ ಅಭಿಪ್ರಾಯ.

ಕಾಯಿಲೆಯ ವ್ಯಾಪ್ತಿಯ ಸುಳಿವು ಮೊದಲೇ ಇತ್ತು. ವಿಸ್ಕಾನ್ಸಿನ್‌ನ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 30ರಿಂದ 60 ವರ್ಷದ ಗಂಡಸರಲ್ಲಿ ಶೇಕಡಾ 24ರಷ್ಟು, ಹೆಂಗಸರಲ್ಲಿ ಶೇಕಡಾ 9ರಷ್ಟು ಮಂದಿಗೆ ನಿದ್ದೆಯಲ್ಲಿ ಗಂಟೆಗೆ ಐದು ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಟದಲ್ಲಿ ಅಡಚಣೆಯಾಗುತ್ತಿತ್ತು. ಹಗಲಿನ ತೂಕಡಿಕೆಯೂ ಸೇರಿ ನಿಜವಾದ ಕಾಯಿಲೆ ಎನಿಸಿಕೊಂಡದ್ದು ಗಂಡಸರಲ್ಲಿ ಶೇಕಡಾ 4ರಷ್ಟು ಮಾತ್ರ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಿಂದ ಮರಳಿದವರು ಪರೀಕ್ಷೆಗೆ ಬರತೊಡಗಿದಾಗ ಅಂಕಿಗಳು ಏರಿದವು. ಈ ಪರಿಹಾರ ಪಡೆಯುತ್ತಿದ್ದವರು 2008ರಲ್ಲಿ ಸುಮಾರು 39 ಸಾವಿರವಿದ್ದದ್ದು 2010ರ ಹೊತ್ತಿಗೆ ಸುಮಾರು 63 ಸಾವಿರಕ್ಕೆ ಮುಟ್ಟಿತು.

ಶೇಕಡಾ 50 ಒಂದು ಹೊಸ್ತಿಲೂ ಹೌದು. ಅದನ್ನು ದಾಟಿದವರು ವಿಎ ಆಸ್ಪತ್ರೆಗಳಲ್ಲಿ ಮೊದಲ ಆದ್ಯತೆಯ ಗುಂಪಿಗೆ ಸೇರುತ್ತಾರೆ. ಪೂರ್ತಿ ಸೇವೆ ಮುಗಿಸಿ ನಿವೃತ್ತರಾದವರಿಗೆ ಸೇನಾ ಪಿಂಚಣಿಯನ್ನೂ ವೈಕಲ್ಯ ಪರಿಹಾರವನ್ನೂ ಒಟ್ಟಿಗೆ ಕೊಡಬಾರದೆಂಬ, 19ನೇ ಶತಮಾನದಿಂದ ಬಂದ ನಿರ್ಬಂಧವನ್ನು 2004ರಿಂದ ಹಂತಹಂತವಾಗಿ ಸಡಿಲಿಸಿದಾಗಲೂ ಗೆರೆ ಎಳೆದದ್ದು 50ರಲ್ಲೇ. ಇನ್ನು ವಿಎಯ ಲೆಕ್ಕವೂ ವಿಚಿತ್ರ. 50 ಮತ್ತು 40 ಕೂಡಿದರೆ ಅಲ್ಲಿ 90 ಆಗುವುದಿಲ್ಲ, 70 ಆಗುತ್ತದೆ. ಮೊದಲ 50 ಕಳೆದ ಮೇಲೆ ಉಳಿದ ಅರ್ಧದಲ್ಲಿ ಶೇಕಡಾ 40 ಎಂದರೆ 20 ಮಾತ್ರ ಸೇರುತ್ತದೆ. ಇಂಥ ಲೆಕ್ಕದಲ್ಲಿ ಒಂದೇ ಏಟಿಗೆ 50 ತಂದುಕೊಡುವ ಕಾಯಿಲೆಯ ತೂಕ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಮಾಸ್ಕ್ ಹಾಕಿಕೊಂಡ ಮಾತ್ರಕ್ಕೆ ಹಣ ಬರುವುದಿಲ್ಲ. ರಾತ್ರಿ ನಿದ್ದೆಯ ಪರೀಕ್ಷೆಯಿಂದ ಕಾಯಿಲೆ ದೃಢಪಟ್ಟಿರಬೇಕು, ಸೇವೆಯಲ್ಲಿದ್ದಾಗ ಅದಕ್ಕೆ ಸಂಬಂಧಿಸಿದ ಘಟನೆಯೋ ಲಕ್ಷಣವೋ ಇದ್ದಿರಬೇಕು, ಎರಡಕ್ಕೂ ನಂಟಿದೆ ಎಂದು ವೈದ್ಯರು ಅಭಿಪ್ರಾಯ ಕೊಟ್ಟಿರಬೇಕು. ಸಾಕ್ಷ್ಯ ಎರಡು ಕಡೆಗೂ ಸರಿಸಮವಾಗಿ ತೂಗಿದರೆ ಸಂಶಯದ ಲಾಭ ಮಾಜಿ ಸೈನಿಕನಿಗೇ ಸಿಗಬೇಕೆಂದು ಕಾನೂನು ಹೇಳುತ್ತದೆ. ನಮ್ಮಲ್ಲೂ ಸೇನೆಯ ಅಂಗವೈಕಲ್ಯ ಪಿಂಚಣಿಯ ಜಗ್ಗಾಟವೆಲ್ಲ ನಡೆಯುವುದು, ಕಾಯಿಲೆ ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಉಲ್ಬಣಿಸಿದ್ದೇ ಎಂಬ ಪ್ರಶ್ನೆಯ ಸುತ್ತಲೇ.

ಎರಡನೆಯ ಷರತ್ತೇ ಕಗ್ಗಂಟು. ಮಲಗಿದವನಿಗೆ ತನ್ನ ಉಸಿರು ನಿಂತದ್ದು ಗೊತ್ತಾಗುವುದಿಲ್ಲ, ಬೆಳಗಿನ ತಲೆನೋವನ್ನೂ ಆಯಾಸವನ್ನೂ ಇಪ್ಪತ್ತೆರಡರ ಸಿಪಾಯಿ ವೈದ್ಯರ ಬಳಿ ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಸೇವಾ ಕಾಲದ ವೈದ್ಯಕೀಯ ಕಡತದಲ್ಲಿ ಒಂದು ಸಾಲೂ ಇರುವುದಿಲ್ಲ. ಆಗ ನೆರವಿಗೆ ಬರುವುದು ಬ್ಯಾರಕ್ಕಿನಲ್ಲಿ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗೆಳೆಯನ ಹೇಳಿಕೆ, ಇಲ್ಲವೇ ಹೆಂಡತಿಯದು. ಗುಡುಗಿನಂಥ ಗೊರಕೆ ಇದ್ದಕ್ಕಿದ್ದಂತೆ ನಿಂತು, ಕೆಲವು ಕ್ಷಣ ಸದ್ದೇ ಇಲ್ಲದೆ, ಆಮೇಲೆ ನೀರಿನಿಂದ ಮೇಲೆದ್ದವನಂತೆ ಏದುಸಿರು ಬಿಡುತ್ತಿದ್ದದ್ದನ್ನು ಕಂಡವರು ಕಂಡಂತೆ ಬರೆದುಕೊಡಬಹುದು. ಕಣ್ಣಿಗೆ ಕಂಡದ್ದನ್ನೂ ಕಿವಿಗೆ ಕೇಳಿದ್ದನ್ನೂ ಹೇಳಲು ವೈದ್ಯರೇ ಆಗಬೇಕಿಲ್ಲ ಎಂದು ನ್ಯಾಯಾಲಯಗಳು ಒಪ್ಪಿವೆ. ಆದರೆ ಗೊರಕೆಯೆಲ್ಲವೂ ಸ್ಲೀಪ್ ಆಪ್ನಿಯಾ ಅಲ್ಲ ಎಂದು ವಿಎ ವೈದ್ಯರು ಬರೆದು ಅರ್ಜಿ ತಳ್ಳಿಹಾಕುವುದಕ್ಕೂ ಅಷ್ಟೇ ಅವಕಾಶವಿದೆ.

ಈ ಬಾಗಿಲು ಮುಚ್ಚಿದವರು ಹಿಡಿಯುವುದು ಸುತ್ತುದಾರಿ. ಸೇವೆಯಿಂದ ಬಂದದ್ದೆಂದು ಈಗಾಗಲೇ ಒಪ್ಪಿರುವ ಕಾಯಿಲೆಯೊಂದು ಸ್ಲೀಪ್ ಆಪ್ನಿಯಾಕ್ಕೆ ಕಾರಣವಾಗಿದ್ದರೆ, ಅಥವಾ 1995ರ ಆ್ಯಲೆನ್ ತೀರ್ಪಿನಂತೆ ಅದನ್ನು ಉಲ್ಬಣಗೊಳಿಸಿದ್ದರೂ, ಪರಿಹಾರಕ್ಕೆ ಅರ್ಹತೆ ಬರುತ್ತದೆ. ಯುದ್ಧದ ಆಘಾತದಿಂದ ಬಂದ ಮಾನಸಿಕ ಕಾಯಿಲೆ ಮತ್ತು ಮೂಗಿನ ದೀರ್ಘಕಾಲದ ಉರಿಯೂತದ ಹೆಸರಿನಲ್ಲಿ ಇಂಥ ಅರ್ಜಿಗಳು ಬರುತ್ತವೆ. ಬೊಜ್ಜನ್ನು ಸ್ವತಃ ಕಾಯಿಲೆ ಎಂದು ವಿಎ ಒಪ್ಪುವುದಿಲ್ಲವಾದರೂ, ನಡುವಿನ ಕೊಂಡಿಯಾಗಿ ಅದನ್ನು ಪರಿಗಣಿಸಬಹುದು ಎಂದು ಇಲಾಖೆಯ ಕಾನೂನು ಸಲಹೆಗಾರರು 2017ರಲ್ಲಿ ಅಭಿಪ್ರಾಯ ಕೊಟ್ಟರು. ಪ್ಯಾರಾಚೂಟ್ ಜಿಗಿತದಲ್ಲಿ ಮೊಣಕಾಲು ಹಾಳಾಗಿ, ಓಡಾಟ ನಿಂತು, ತೂಕ ಏರಿ, ಕತ್ತಿನ ಸುತ್ತ ಕೊಬ್ಬು ತುಂಬಿ, ಕೊನೆಗೆ ರಾತ್ರಿ ಉಸಿರು ಕಟ್ಟುವವರೆಗಿನ ಸರಪಳಿಯನ್ನು ಹೀಗೆ ಕಡತದ ಮೇಲೆ ಕಟ್ಟಬಹುದಾಯಿತು. 2022ರ ಆಗಸ್ಟ್ 10ರಂದು ಜಾರಿಗೆ ಬಂದ ಪ್ಯಾಕ್ಟ್ ಕಾಯ್ದೆ, ತ್ಯಾಜ್ಯ ಸುಡುವ ಗುಂಡಿಗಳ ಹೊಗೆ ಕುಡಿದವರ ಹಲವು ಕಾಯಿಲೆಗಳನ್ನು ಪುರಾವೆ ಕೇಳದೆ ಸೇವೆಯಿಂದಲೇ ಬಂದವೆಂದು ಒಪ್ಪಿತು. ಆ ಪಟ್ಟಿಯಲ್ಲಿ ಆಸ್ತಮಾ ಇದೆ, ಸೈನಸೈಟಿಸ್ ಇದೆ, ಸ್ಲೀಪ್ ಆಪ್ನಿಯಾ ಇಲ್ಲ.

ಅದೇ ವರ್ಷದ ಫೆಬ್ರುವರಿಯಲ್ಲಿ ವಿಎ ಸ್ಲೀಪ್ ಆಪ್ನಿಯಾದ 6847ನೇ ಸಂಕೇತದ ನಿಯಮವನ್ನು ತಿದ್ದುವ ಕರಡನ್ನು ಹೊರಡಿಸಿತ್ತು. ಅದರಂತೆ ಯಂತ್ರದಿಂದ ಲಕ್ಷಣಗಳು ಪೂರ್ತಿ ಹಿಡಿತಕ್ಕೆ ಬಂದವರಿಗೆ ಸೊನ್ನೆ, ಅರೆಬರೆ ಉಪಶಮನವಾದರೆ 10, ಚಿಕಿತ್ಸೆ ಫಲಿಸದಿದ್ದರೆ ಅಥವಾ ಬೇರೆ ಕಾಯಿಲೆಯಿಂದಾಗಿ ಮಾಸ್ಕ್ ಹಾಕಲಾಗದಿದ್ದರೆ 50, ಅದರ ಜೊತೆಗೆ ಅಂಗಾಂಗಗಳಿಗೂ ಹಾನಿಯಾಗಿದ್ದರೆ 100. ವೈಕಲ್ಯದ ಪಟ್ಟಿ ಇರುವುದೇ ದುಡಿಮೆಯ ಸಾಮರ್ಥ್ಯ ಸರಾಸರಿ ಎಷ್ಟು ಕುಗ್ಗಿದೆ ಎಂದು ಅಳೆಯಲು, ಚೆನ್ನಾಗಿ ನಿದ್ದೆ ಮಾಡಿ ಎದ್ದವನಲ್ಲಿ ಕುಗ್ಗಿದ್ದೇನು ಎಂಬುದು ಈ ಕರಡಿನ ಹಿಂದಿರುವ ವಾದ. ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದಂತೆ ಬದುಕುವುದು, ಪ್ರಯಾಣಕ್ಕೂ ಯಂತ್ರ ಹೊರುವುದು, ವಿದ್ಯುತ್ ಹೋದ ರಾತ್ರಿ ಭಯಪಡುವುದು ಲೆಕ್ಕಕ್ಕಿಲ್ಲವೇ ಎಂಬುದು ಮಾಜಿ ಸೈನಿಕರ ಮರುಪ್ರಶ್ನೆ. ನಿಯಮದಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಔಷಧದಿಂದಾದ ಉಪಶಮನವನ್ನು ನೆಪ ಮಾಡಿ ಪ್ರಮಾಣ ಇಳಿಸುವಂತಿಲ್ಲ ಎಂದು 2012ರ ಜೋನ್ಸ್ ತೀರ್ಪಿನಲ್ಲಿ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯ ಹೇಳಿತ್ತು. ಕರಡು ಮಾಡಹೊರಟದ್ದು ಚಿಕಿತ್ಸೆಯ ಉಪಶಮನವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನಿಯಮದಲ್ಲೇ ಬರೆದುಬಿಡುವುದನ್ನು.

2025 ಮುಗಿದರೂ ಆ ಕರಡು ಅಂತಿಮವಾಗಿರಲಿಲ್ಲ. ಪಟ್ಟಿ ಬದಲಾಯಿತೆಂಬ ಒಂದೇ ಕಾರಣಕ್ಕೆ ಈಗಾಗಲೇ ಸಿಕ್ಕಿರುವ ಪ್ರಮಾಣವನ್ನು ಇಳಿಸುವಂತಿಲ್ಲವೆಂದು ಕಾನೂನಿನಲ್ಲೇ ಇದೆ. ಹೀಗಾಗಿ ಹೊಸ ನಿಯಮ ಬರುವ ಮೊದಲೇ ಅರ್ಜಿ ಹಾಕಿಬಿಡುವ ಧಾವಂತ ಹೆಚ್ಚಿದೆ. ಸೇವೆ ಮುಗಿಯಲು 180ರಿಂದ 90 ದಿನಗಳಿರುವಾಗಲೇ ಅರ್ಜಿ ಸಲ್ಲಿಸಲು ಅವಕಾಶವಿರುವುದರಿಂದ, ಸಮವಸ್ತ್ರ ಕಳಚುವ ಮೊದಲೇ ನಿದ್ದೆಯ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹಿರಿಯರು ಕಿರಿಯರಿಗೆ ಹೇಳುತ್ತಾರೆ. ಆ ಒಂದು ರಾತ್ರಿಯ ವರದಿ ಕಡತ ಸೇರಿಬಿಟ್ಟರೆ, ಇಪ್ಪತ್ತು ವರ್ಷಗಳ ನಂತರ ಪಕ್ಕದ ಮಂಚದ ಗೆಳೆಯ ಯಾವ ರಾಜ್ಯದಲ್ಲಿದ್ದಾನೆ ಎಂದು ಹುಡುಕಿಕೊಂಡು ಹೋಗಬೇಕಾಗಿಲ್ಲ.